ಬೋಣಿಯ ಲೆಕ್ಕ

ನಮ್ಮ ಚಿಕ್ಕಬಳ್ಳಾಪುರ, ಚಿಂತಾಮಣಿ ಕಡೆ ಬೆಳಗಿನ ಹೊತ್ತು ಸೊಪ್ಪಿನವಳ ಹತ್ತಿರ ಚೌಕಾಸಿಗೆ ಇಳಿದರೆ, "ಇನ್ನೂ ಬೋಣಿ ಆಗಿಲ್ಲ ಕಣಕ್ಕ, ನಿನ್ನ ಕೈಯಿಂದಲೇ ಆಗಲಿ" ಎನ್ನುತ್ತಾಳೆ. ಮನೆಮಾತು ತೆಲುಗಾದರೆ ಅದನ್ನೇ ತೆಲುಗಿನಲ್ಲಿ ಹೇಳುತ್ತಾಳೆ. ಬೋಣಿ ಎಂಬ ಮಾತು ಮಾತ್ರ ಎರಡಕ್ಕೂ ಒಂದೇ. ದಿನದ ಈ ಮೊದಲ ವ್ಯಾಪಾರಕ್ಕೆ ಒಂದು ನೇಮವಿದೆ. ಬೆಲೆಯಲ್ಲಿ ಒಂದೆರಡು ರೂಪಾಯಿ ಬಿಟ್ಟಾಳು, ಒಂದು ಹಿಡಿ ಸೊಪ್ಪು ಹೆಚ್ಚಿಗೆ ಹಾಕಿಯಾಳು. ಆದರೆ ಸಾಲ ಕೊಡಳು, ಬಿಟ್ಟಿಯಂತೂ ಕೊಡಲೇ ಕೊಡಳು. ಬಂದ ಕಾಸನ್ನು ಕಣ್ಣಿಗೊತ್ತಿಕೊಂಡೇ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು.

ಈ ಬೋಣಿಯ ತಕರಾರನ್ನೇ ಈಚೆಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ನನ್ನ ಮುಂದೆ ತಂದಳು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವವರ ಮನೆಯ ಹುಡುಗಿ, ಮದುವೆಯಾಗಿ ಚಿಂತಾಮಣಿ ಸೇರಿದವಳು. ಮಗುವನ್ನು ಶಾಲೆಗೆ ಕಳಿಸಿದ ಮೇಲೆ ಸಿಗುವ ಹೊತ್ತಿನಲ್ಲಿ ಮನೆಯಲ್ಲೇ ಕುಳಿತು ವೆಬ್‌ಸೈಟ್ ಮಾಡುವುದನ್ನು ಕಲಿತಿದ್ದಳು. ಮೊದಲನೆಯದನ್ನು ಗಂಡನ ದೊಡ್ಡಪ್ಪನವರ ಕಲ್ಯಾಣ ಮಂಟಪಕ್ಕೆ ಮಾಡಿಕೊಟ್ಟಳು. ಎರಡನೆಯದು ನಾದಿನಿಯ ಟ್ಯೂಷನ್ ಕ್ಲಾಸಿಗೆ, ಮೂರನೆಯದು ಬೀದಿಯ ಬಟ್ಟೆ ಅಂಗಡಿಗೆ. ಹೀಗೇ ಆರಾಯಿತು.

"ಎಲ್ಲರೂ ಚೆನ್ನಾಗಿದೆ ಅಂತಾರೆ ಮಿಸ್. ದುಡ್ಡು ಮಾತ್ರ ಯಾರೂ ಕೊಡಲಿಲ್ಲ. ಇದು ಕಸುಬಲ್ಲ, ಹೊತ್ತು ಕಳೆಯೋದು, ಸುಮ್ಮನೆ ಒಂದು ಹೊಲಿಗೆ ಮಿಷನ್ ತಗೋ ಅಂತಾರೆ ಅತ್ತೆ. ಯುಗಾದಿವರೆಗೂ ನೋಡಿ ಬಿಟ್ಟುಬಿಡ್ತೀನಿ" ಎಂದಳು.

ಚರಿತ್ರೆ ಪಾಠ ಮಾಡುವವರಿಗೆ ಯಾರು ಏನು ಕೇಳಿದರೂ ಹಿಂದಕ್ಕೆ ಹೋಗಿ ನೋಡುವ ಅಭ್ಯಾಸ. ಈ ಕಸುಬು ಆರಂಭವಾದದ್ದು ಹೇಗೆ, ಮೊದಲ ಗಿರಾಕಿ ಸಿಕ್ಕಿದ್ದು ಹೇಗೆ ಎಂದು ಹುಡುಕಿದರೆ, ಎಲ್ಲ ಕಡೆಯೂ ಈ ಬಿಟ್ಟಿಯ ಪ್ರಶ್ನೆಯೇ ಎದುರಾಗುತ್ತದೆ.

ವೆಬ್ ಎಂಬುದೇ ಬಿಟ್ಟಿಯಾಗಿ ಬಂದದ್ದು. ಜಿನೀವಾ ಬಳಿಯ ಸರ್ನ್ ಎಂಬ ವಿಜ್ಞಾನ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಅವರು 1989ರಲ್ಲಿ ಅದರ ಯೋಜನೆ ಬರೆದರು. 1991ರಲ್ಲಿ ಮೊದಲ ವೆಬ್‌ಸೈಟ್ ಹೊರಜಗತ್ತಿನ ಕಣ್ಣಿಗೆ ಬಿತ್ತು. 1993ರ ಏಪ್ರಿಲ್ 30ರಂದು ಸರ್ನ್, ಯಾರು ಬೇಕಾದರೂ ಕಾಸು ಕೊಡದೆ ಇದನ್ನು ಬಳಸಬಹುದು ಎಂದು ಬರೆದುಕೊಟ್ಟಿತು. ನಮ್ಮ ದೇಶದ ಜನಸಾಮಾನ್ಯರಿಗೆ ವಿದೇಶ ಸಂಚಾರ ನಿಗಮದ ಇಂಟರ್‌ನೆಟ್ ಬಂದದ್ದು 1995ರ ಆಗಸ್ಟ್ 15ರಂದು. ಮರುವರ್ಷವೇ, ಎಂದರೆ 1996ರಲ್ಲಿ, ಭಾಭಾ ಪರಮಾಣು ಸಂಶೋಧನ ಕೇಂದ್ರದಲ್ಲಿ ವಿಜ್ಞಾನಿಯಾಗಿದ್ದ ಡಾ. ಯು. ಬಿ. ಪವನಜ ಅವರು 'ವಿಶ್ವಕನ್ನಡ'ವನ್ನು ಆರಂಭಿಸಿದರು. ಕನ್ನಡದ ಮೊದಲ ಜಾಲತಾಣವೆಂದು ಹೆಸರಾದದ್ದು ಅದು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂತು. ಕಂಪ್ಯೂಟರಿನಲ್ಲಿ ಕನ್ನಡ ಬರೆಯಲು ಸಾವಿರಾರು ಜನ ಅದನ್ನು ಕಾಸು ಕೊಡದೆ ಪಡೆದರು.

ಇವೆಲ್ಲ ದೊಡ್ಡ ಮನಸ್ಸಿನ ಕೆಲಸಗಳೇ. ಆದರೆ ಒಂದು ಮಾತನ್ನು ಗಮನಿಸಬೇಕು. ಸರ್ನ್ ಬರ್ನರ್ಸ್-ಲೀ ಅವರಿಗೆ ಸಂಬಳ ಕೊಡುತ್ತಿತ್ತು. ಪವನಜ ಅವರಿಗೂ ಉದ್ಯೋಗವಿತ್ತು. ಮನೆಯ ಒಲೆ ಬೇರೆ ಕಡೆಯಿಂದ ಉರಿಯುತ್ತಿದ್ದರೆ ಕೆಲಸವನ್ನು ದಾನವಾಗಿ ಕೊಡಬಹುದು. ಅದೇ ಕೆಲಸದಿಂದ ಒಲೆ ಉರಿಯಬೇಕಾದವರ ಲೆಕ್ಕವೇ ಬೇರೆ. ವೆಬ್‌ಸೈಟಿನ ವಿಳಾಸದ ಹೆಸರುಗಳು ಕೂಡ ಮೊದಲು ಪುಕ್ಕಟೆಯಾಗಿದ್ದವು. 1995ರ ಸೆಪ್ಟೆಂಬರಿನಿಂದ ಎರಡು ವರ್ಷಕ್ಕೆ 100 ಡಾಲರು ಕೇಳತೊಡಗಿದರು. ಕಾಸು ಕೇಳಿದರೆಂದು ಜನ ಓಡಿಹೋಗಲಿಲ್ಲ, ಕೊಳ್ಳುವವರ ಸಾಲು ಬೆಳೆಯುತ್ತಲೇ ಹೋಯಿತು.

ಇನ್ನು ಗಿರಾಕಿಯನ್ನು ಹುಡುಕಿಕೊಂಡ ಕತೆಗೆ ನಾವು ದೂರ ಹೋಗಬೇಕಾಗಿಲ್ಲ. ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೋಗುವ ಬಸ್ಸು ದಾಟುವ ಹೆಬ್ಬಾಳವಿದೆಯಲ್ಲ, ಅಲ್ಲಿನ ವಾಯುಪಡೆ ಶಾಲೆಯಲ್ಲಿ ಓದಿದವರು ಸುಹಾಸ್ ಗೋಪಿನಾಥ್. ಹುಟ್ಟಿದ್ದು 1986ರಲ್ಲಿ. ಅವರೇ ಸಂದರ್ಶನದಲ್ಲಿ ಹೇಳಿಕೊಂಡಂತೆ, ಕೈಖರ್ಚಿಗೆ ಮನೆಯಲ್ಲಿ ಕೊಡುತ್ತಿದ್ದುದು ತಿಂಗಳಿಗೆ 15 ರೂಪಾಯಿ. ಸೈಬರ್ ಕೆಫೆಗೆ ಅದು ಸಾಲದು. ಕೆಫೆಯವರು ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಬಾಗಿಲು ಹಾಕುತ್ತಿದ್ದರು. 'ಆ ಹೊತ್ತು ಅಂಗಡಿ ನಾನು ನೋಡಿಕೊಳ್ಳುತ್ತೇನೆ, ನನಗೆ ಇಂಟರ್‌ನೆಟ್ ಬಿಡಿ' ಎಂದು ಹುಡುಗ ಒಪ್ಪಂದ ಮಾಡಿಕೊಂಡ. ಅಲ್ಲಿಯೇ ವೆಬ್‌ಸೈಟ್ ಕಟ್ಟುವುದನ್ನು ತಾನಾಗಿ ಕಲಿತ.

ಕಲಿತದ್ದಾಯಿತು, ಕೆಲಸ ಕೊಡುವವರು ಯಾರು? ಹಿಂದೆ ಏನು ಮಾಡಿದ್ದೀ ತೋರಿಸು ಎಂದರೆ ತೋರಿಸಲು ಏನೂ ಇಲ್ಲ. ಆದ್ದರಿಂದ ನ್ಯೂಯಾರ್ಕಿನ ಒಂದು ಕಂಪನಿಗೆ ಮೊದಲ ವೆಬ್‌ಸೈಟನ್ನು ಬಿಟ್ಟಿಯಾಗಿ ಮಾಡಿಕೊಟ್ಟ. ಅದರ ನಂತರ ಇನ್ನೊಂದು ಕೆಲಸಕ್ಕೆ 100 ಡಾಲರು ಬಂತು. ಆಗ ವಯಸ್ಸು 13. ಹಣ ಹಾಕಿಸಿಕೊಳ್ಳಲು ಬ್ಯಾಂಕಿನ ಖಾತೆಯೂ ಇರಲಿಲ್ಲ. 2000ದಲ್ಲಿ ಸ್ವಂತ ಕಂಪನಿ ಮಾಡಹೊರಟಾಗ 18 ತುಂಬದ ಹುಡುಗನಿಗೆ ಇಲ್ಲಿನ ಕಾನೂನು ಅವಕಾಶ ಕೊಡಲಿಲ್ಲ. 1872ರ ಕರಾರು ಕಾಯಿದೆಯ ಪ್ರಕಾರ ಅಪ್ರಾಪ್ತ ವಯಸ್ಕರು ಮಾಡಿದ ಕರಾರು ನಿಲ್ಲುವುದಿಲ್ಲ. ಕಡೆಗೆ ಗ್ಲೋಬಲ್ಸ್ ಎಂಬ ಅವರ ಕಂಪನಿ ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೋಂದಣಿಯಾಯಿತು. ಆಗಿನ್ನೂ ನಮ್ಮ ಈ ತಾಲ್ಲೂಕುಗಳು ಕೋಲಾರ ಜಿಲ್ಲೆಯಲ್ಲಿದ್ದವು. ಚಿಕ್ಕಬಳ್ಳಾಪುರ ಜಿಲ್ಲೆಯಾದದ್ದು 2007ರಲ್ಲಿ.

ಈ ಕತೆಯನ್ನು ಹುಡುಗನ ಜಾಣತನಕ್ಕಾಗಿ ಹೇಳುವವರೇ ಹೆಚ್ಚು. ನನಗೆ ಕಂಡದ್ದು ಬೇರೆ. ಆತನೂ ಬಿಟ್ಟಿ ಕೆಲಸ ಮಾಡಿದ, ಆದರೆ ಅಪರಿಚಿತರಿಗೆ ಮಾಡಿದ. ಅದು ಎರಡನೆಯವರಿಗೆ ತೋರಿಸುವ ಮಾದರಿಯಾಯಿತು. ನನ್ನ ವಿದ್ಯಾರ್ಥಿನಿ ಮಾಡಿದ್ದು ನೆಂಟರಿಗೆ. ನೆಂಟರ ಕಣ್ಣಿಗೆ ಅದು ಹಬ್ಬಕ್ಕೆ ಒಬ್ಬಟ್ಟು ತಟ್ಟಿದಂತೆ, ಮದುವೆ ಮನೆಯಲ್ಲಿ ರಂಗೋಲಿ ಇಟ್ಟಂತೆ. ಹೆಣ್ಣುಮಕ್ಕಳು ಮನೆಯಲ್ಲಿ ಕುಳಿತು ಮಾಡಿದ ಕೆಲಸಕ್ಕೆ "ಎಷ್ಟು ಚೆನ್ನಾಗಿ ಮಾಡ್ತೀಯಮ್ಮ" ಎಂಬ ಮಾತೇ ಕೂಲಿ. ಅದು ಒಂದಕ್ಕೆ ನಿಲ್ಲುವುದಿಲ್ಲ. ಅವರಿಗೆ ಮಾಡಿಕೊಟ್ಟೆ, ನಮಗೇಕೆ ಇಲ್ಲ ಎಂದು ಹತ್ತು ಜನ ಬರುತ್ತಾರೆ.

ಹಾಗಾಗಬೇಕಿಲ್ಲ ಎನ್ನುವುದಕ್ಕೂ ಚರಿತ್ರೆಯಲ್ಲಿ ಸಾಕ್ಷಿಯಿದೆ. 1959ರ ಮಾರ್ಚ್ 15ರಂದು ಮುಂಬಯಿಯ ಗಿರಗಾಂವಿನಲ್ಲಿ ಏಳು ಜನ ಹೆಂಗಸರು 80 ರೂಪಾಯಿ ಸಾಲ ತಂದು ಮಾಳಿಗೆಯ ಮೇಲೆ ಹಪ್ಪಳ ಲಟ್ಟಿಸಿದರು. ಅವರ ಮೊದಲ ಸರಕು ನಾಲ್ಕು ಪೊಟ್ಟಣ, ಕೊಂಡವನು ಒಬ್ಬ ವ್ಯಾಪಾರಿ. ಹಪ್ಪಳ ಪ್ರತಿ ಮನೆಯಲ್ಲೂ ಬಿಟ್ಟಿಯಾಗಿ ಆಗುತ್ತಿದ್ದ ಕೆಲಸವೇ. ಆದರೂ ಅವರು ಅದಕ್ಕೆ ಬೆಲೆ ಕಟ್ಟಿದರು, ಯಾರ ದಾನವನ್ನೂ ತೆಗೆದುಕೊಳ್ಳುವುದಿಲ್ಲ ಎಂದು ನಿಶ್ಚಯಿಸಿದರು. ಇವತ್ತು ನಾವು ಕೊಳ್ಳುವ ಲಿಜ್ಜತ್ ಹಪ್ಪಳ ಅವರದೇ.

ಇಷ್ಟನ್ನೂ ನನ್ನ ವಿದ್ಯಾರ್ಥಿನಿಗೆ ಹೇಳಲು ಹೋದರೆ ಮತ್ತೆ ಕ್ಲಾಸಿನಲ್ಲಿ ಕುಳಿತಂತಾದೀತು ಎಂದು, ಅವಳ ಊರಿನ ಮಾತನ್ನೇ ಹೇಳಿದೆ. "ಗೂಡಿನ ಮಾರುಕಟ್ಟೆಯಲ್ಲಿ ನಿಮ್ಮಪ್ಪ ಏನು ಮಾಡ್ತಾರೆ? ರಾಶಿಯಿಂದ ಒಂದು ಹಿಡಿ ಗೂಡು ಕೈಗೆ ತಗೊಂಡು, ಒತ್ತಿ ನೋಡಿ, ಆಮೇಲೆ ಬೆಲೆ ಕೂಗ್ತಾರೆ. ಆ ಹಿಡಿ ನೋಡೋದಕ್ಕೆ ದುಡ್ಡಿಲ್ಲ, ರಾಶಿಗೆ ಉಂಟು. ನೀನು ಆರು ಹಿಡಿ ತೋರಿಸಿ ಆಯಿತು. ಇನ್ನು ರಾಶಿಯ ಬೆಲೆ ಹೇಳು" ಎಂದೆ.

ಅವಳು ಒಂದು ಹಾಳೆಯಲ್ಲಿ ಲೆಕ್ಕ ಬರೆದಳು. ವಿಳಾಸದ ಹೆಸರಿಗೆ ವರ್ಷದ ಬಾಡಿಗೆ, ಪುಟಗಳನ್ನು ಇಡುವ ಜಾಗದ ಬಾಡಿಗೆ, ಫೋಟೋ ತೆಗೆಯುವುದು, ಕನ್ನಡದಲ್ಲಿ ಬರೆದುಕೊಡುವುದು, ಬೆಲೆ ಬದಲಾದಾಗ ತಿದ್ದುವುದು. ಮೊದಲೆರಡು ಖರ್ಚು ಇಷ್ಟು ದಿನ ಅವಳ ಕೈಯಿಂದಲೇ ಹೋಗುತ್ತಿತ್ತಂತೆ! ಎಲ್ಲಕ್ಕೂ ಬೇರೆಬೇರೆ ಮೊತ್ತ ಹಾಕಿ, ಅರ್ಧ ಮುಂಗಡ ಎಂದು ಕೆಳಗೆ ಬರೆದಳು. ಹಾಳೆಯನ್ನೂ, ಕಲ್ಯಾಣ ಮಂಟಪದ ವೆಬ್‌ಸೈಟನ್ನೂ ನೆಂಟರಿಲ್ಲದ ಊರಾದ ಗೌರಿಬಿದನೂರಿನ ಅಂಗಡಿಗಳಿಗೆ ಒಯ್ದು ತೋರಿಸಿದಳು. ನಾಲ್ಕು ಕಡೆ ಬೇಡವೆಂದರು. ಐದನೆಯವರು ಸೀರೆ ಅಂಗಡಿಯ ಒಡತಿ. ಹಾಳೆಯನ್ನು ಎರಡು ಸಲ ಓದಿ, ಐನೂರು ಕಡಿಮೆ ಮಾಡಿಸಿ, ಮುಂಗಡ ಎಣಿಸಿದರು.

ಆ ಹಣವನ್ನು ಅವಳು ಅತ್ತೆಯ ಕೈಗೆ ಕೊಟ್ಟಳಂತೆ. ಅವರು ಏನೂ ಹೇಳದೆ ದೇವರ ಮುಂದೆ ಇಟ್ಟರಂತೆ. ಯುಗಾದಿ ಬಂದು ಹೋಯಿತು, ಹೊಲಿಗೆ ಮಿಷನ್ನಿನ ಮಾತು ಮತ್ತೆ ಎದ್ದಿಲ್ಲ. ಈಗ ಅವಳಿಗೆ ಕಾಸು ಕೊಡುವ ಗಿರಾಕಿಗಳು ಮೂವರು. ಸಂಸಾರ ಅದರಿಂದಲೇ ನಡೆಯುವಷ್ಟು ಆಗಿಲ್ಲ, ಆದರೆ ಇದು ಕಸುಬು ಹೌದೋ ಅಲ್ಲವೋ ಎಂದು ಮನೆಯಲ್ಲಿ ಯಾರೂ ಕೇಳುತ್ತಿಲ್ಲ.

ಹಪ್ಪಳ, ಹೊಲಿಗೆ, ಟ್ಯೂಷನ್, ಕಂಪ್ಯೂಟರ್, ಯಾವುದೇ ಇರಲಿ, ಮನೆಯಲ್ಲಿ ಕುಳಿತು ಕೆಲಸ ಶುರುಮಾಡುವ ಸೋದರಿಯರು ಇಷ್ಟು ನೆನಪಿಡಬಹುದು. ಕೈಗುಣ ತೋರಿಸಲು ಒಂದನ್ನು ಸುಮ್ಮನೆ ಕೊಟ್ಟರೆ ತಪ್ಪಲ್ಲ. ಅದು ಮಾದರಿ, ಬೋಣಿಯಲ್ಲ. ಮೊದಲ ಕಾಸು ಕೈಗೆ ಬಂದಾಗಲೇ ಬೋಣಿ. ಬೇಕಾದರೆ ಐನೂರು ಬಿಡಿ, ಆದರೆ ಬೆಲೆಯನ್ನು ಮೊದಲೇ ಬರೆದಿಡಿ.