ನಲಿ-ಕಲಿ (ಧಾರವಾಡ ಜಿಲ್ಲೆ)

ಸರ್ಕಾರಿ ಶಾಲೆಯ ಒಂದರಿಂದ ಮೂರನೇ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಕೂತು ತಮ್ಮ ತಮ್ಮ ವೇಗದಲ್ಲಿ ಕಲಿಯುವ ಪದ್ಧತಿ. ಮೂಲ ಆಂಧ್ರಪ್ರದೇಶದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳು. ಅಲ್ಲಿನ ಕ್ರಮವನ್ನು ನೋಡಿಬಂದ ಹೆಗ್ಗಡದೇವನಕೋಟೆ ತಾಲ್ಲೂಕಿನ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ಅದನ್ನು ಕನ್ನಡಕ್ಕೆ ಒಗ್ಗಿಸಿದರು.

ಧಾರವಾಡಕ್ಕೆ ಇದು ಯಾವಾಗ ಬಂತು ಎಂಬಲ್ಲಿ ಗೊಂದಲವಿದೆ. ಜಿಲ್ಲಾ ಪ್ರಾಥಮಿಕ ಶಿಕ್ಷಣ ಯೋಜನೆಯ (ಡಿಪಿಇಪಿ) ಎರಡನೇ ಹಂತದ ಜಿಲ್ಲೆಗಳಲ್ಲಿ ಧಾರವಾಡದ ಹೆಸರಿದೆ ನಿಜ. ಆದರೆ 1997ರಲ್ಲಿ ಗದಗ, ಹಾವೇರಿ ಅದರಿಂದ ಬೇರೆ ಜಿಲ್ಲೆಗಳಾದವು. ಇಂದು ಬೇರೆ ತಾಲ್ಲೂಕಾಗಿರುವ ಅಣ್ಣಿಗೇರಿ ಆಗಿನ್ನೂ ನವಲಗುಂದ ತಾಲ್ಲೂಕಿನ ಲೆಕ್ಕದಲ್ಲಿತ್ತು. ಆ ಕಾಲದ ಅಂಕಿಗಳನ್ನು ಇಂದಿನ ಜಿಲ್ಲೆಗೆ ಹಾಗೆಯೇ ಹಚ್ಚುವಂತಿಲ್ಲ. ಯೋಜನೆಯ ಪಟ್ಟಿಯಲ್ಲಿ ಜಿಲ್ಲೆ ಇದ್ದ ಮಾತ್ರಕ್ಕೆ ಅದರ ಹಳ್ಳಿಗಳಲ್ಲಿ ನಲಿ-ಕಲಿ ನಡೆದಿತ್ತೆನ್ನಲೂ ಆಗದು. ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೆ ಪದ್ಧತಿ ವಿಸ್ತರಿಸಿದ್ದು 2009-10ರಲ್ಲಿ. ಜಿಲ್ಲೆಯ ಕುಂದಗೋಳ, ಕಲಘಟಗಿ ತಾಲ್ಲೂಕುಗಳ ಮಟ್ಟಿಗೆ ಅದನ್ನೇ ಆರಂಭವೆಂದು ಹಿಡಿಯುವುದು ಕ್ಷೇಮ. ಹೆಗ್ಗಡದೇವನಕೋಟೆಯಲ್ಲಿ ಶಿಕ್ಷಕರು ತಾವೇ ಕಟ್ಟಿಕೊಂಡದ್ದು ಇಲ್ಲಿಗೆ ಇಲಾಖೆಯ ಆದೇಶವಾಗಿ ಬಂತು. ಮುಂದಿನ ತಕರಾರುಗಳ ಬೀಜ ಅಲ್ಲಿಯೇ ಇದೆ.

ಮಗು ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ಹುಡುಕಿ, ಅಲ್ಲಿನ ಚಿಹ್ನೆಯ ಕಾರ್ಡು ಆರಿಸಿ, ಗುಂಪಿನ ತಟ್ಟೆಯ ಸುತ್ತ ಕೂರುತ್ತದೆ. ವರ್ಣಮಾಲೆಯ ಸಾಲಿಲ್ಲ, ಮೊದಲು ರ, ಗ, ಸ, ದ, ಅ. ಇಷ್ಟರಲ್ಲೇ ಸರ, ಅರಸ, ಗರಗಸ ಓದಬಹುದು. ಧಾರವಾಡದ ಮಗುವಿಗೆ ಖಾದಿಗೆ ಹೆಸರಾದ ಗರಗವೂ ಸಿಕ್ಕೀತು. ಹೆಸರುಕಾಯಿ ಬಿಡಿಸುವ, ಹತ್ತಿ ಬಿಡಿಸುವ ದಿನಗಳಲ್ಲಿ ಅವ್ವನ ಜೊತೆ ಹೊಲಕ್ಕೆ ಹೋದ ಮಗು ಮರಳಿ ಬಂದಾಗ ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಬಹುದು. ಎರೆ ಸೀಮೆಗೆ ಇಷ್ಟು ಹೊಂದುವ ಗುಣ ಪದ್ಧತಿಯಲ್ಲಿ ಇನ್ನೊಂದಿಲ್ಲ. ಕಲಘಟಗಿಯ ಗೌಳಿ ದಡ್ಡಿ, ಲಂಬಾಣಿ ತಾಂಡಾಗಳಲ್ಲಿ ತೊಡಕು ಬೇರೆ: ಕಾರ್ಡಿನ ಕನ್ನಡ ಮನೆಮಾತಲ್ಲ.

ಮೂರು ತರಗತಿಗೆ ಒಬ್ಬರೇ ಶಿಕ್ಷಕರು, ಪ್ರಗತಿನೋಟ ತುಂಬುವ ಕೆಲಸ, ಹರಿದುಹೋದ ಕಾರ್ಡು, ನಾಲ್ಕನೇ ತರಗತಿಯಲ್ಲಿ ಒಮ್ಮೆಲೇ ಎದುರಾಗುವ ಪಠ್ಯಪುಸ್ತಕ: ಇವು ರಾಜ್ಯದ ಉದ್ದಗಲಕ್ಕೂ ಶಿಕ್ಷಕರು ಹೇಳುತ್ತ ಬಂದ ದೂರುಗಳು. ಪಾಲಕರದು ಇನ್ನೊಂದು: ಸಾಲಿಯೊಳಗ ಬರೇ ಹಾಡು, ಆಟ.

ಆರು ವರ್ಷದೊಳಗಿನವರು ನಲಿ-ಕಲಿಯ ಹೊರಗೆ, ಅಂಗನವಾಡಿಯಲ್ಲಿ. ರಾಜ್ಯದಲ್ಲಿ ಅಂಗನವಾಡಿ 1975ರಲ್ಲಿ ತಿ. ನರಸೀಪುರದಿಂದ ಆರಂಭವಾಯಿತು. ಈ ವಯಸ್ಸಿನ ಮಕ್ಕಳು ಯಾರ ಪಾಲು ಎಂಬುದು 2024ರಲ್ಲಿ ಬಹಿರಂಗ ಜಗಳವಾಯಿತು. ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದನ್ನು ಅಂಗನವಾಡಿ ಕಾರ್ಯಕರ್ತೆಯರು ವಿರೋಧಿಸಿದರು. ಅದೇ ವರ್ಷದ ಜುಲೈನಲ್ಲಿ ಸರ್ಕಾರ ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲೇ ಆ ತರಗತಿಗಳನ್ನು ಆರಂಭಿಸಿತು.