ಹನ್ನೆರಡು ಮತ್ತು ಹದಿನೆಂಟರ ನಡುವೆ: ಅಪ್ರಾಪ್ತರ ಚಿಕಿತ್ಸಾ ಸಮ್ಮತಿಯ ಕಾನೂನು ಚರಿತ್ರೆ

1860ರ ಭಾರತೀಯ ದಂಡ ಸಂಹಿತೆಯ 89ನೆಯ ಕಲಮಿಗೆ ಒಂದು ದೃಷ್ಟಾಂತ ಕೊಟ್ಟಿದ್ದಾರೆ. ತಂದೆಯೊಬ್ಬ ಮಗುವಿನ ಒಳಿತಿಗೆಂದು, ಆದರೆ ಮಗುವಿನ ಒಪ್ಪಿಗೆಯಿಲ್ಲದೆ, ಶಸ್ತ್ರವೈದ್ಯರಿಂದ ಅದರ ಮೂತ್ರಕೋಶದ ಕಲ್ಲು ತೆಗೆಸುತ್ತಾನೆ. ಪ್ರಾಣಕ್ಕೆ ಅಪಾಯವಿದೆಯೆಂದು ಗೊತ್ತಿದ್ದರೂ ಅವನದು ಅಪರಾಧವಲ್ಲ. 92ನೆಯ ಕಲಮಿನ ದೃಷ್ಟಾಂತ ಇನ್ನೂ ಕಠಿಣ: ಅಪಘಾತಕ್ಕೀಡಾದ ಮಗು ಬೇಡವೆಂದು ಅಂಗಲಾಚುತ್ತಿದ್ದರೂ, ಪೋಷಕರನ್ನು ಕೇಳುವಷ್ಟು ಸಮಯವಿಲ್ಲದಿದ್ದರೆ ವೈದ್ಯ ಶಸ್ತ್ರಕ್ರಿಯೆ ಮಾಡಬಹುದು. ಜೀವ ಉಳಿಸುವ ಗಳಿಗೆಯಲ್ಲಿ ಇದು ಸರಿಯೇ. ಆದರೆ ಈ ಕಲಮುಗಳ ಕಾಳಜಿ ವೈದ್ಯ, ಪೋಷಕರನ್ನು ಕ್ರಿಮಿನಲ್ ಮೊಕದ್ದಮೆಯಿಂದ ಕಾಪಾಡುವುದು. ಎಳೆಯ ರೋಗಿಯ ಹಕ್ಕು ಅವುಗಳ ವಿಷಯವೇ ಅಲ್ಲ.

90ನೆಯ ಕಲಂ 12 ವರ್ಷದೊಳಗಿನವರ ಸಮ್ಮತಿಯನ್ನು ಸಾಮಾನ್ಯವಾಗಿ ಅಮಾನ್ಯ ಮಾಡಿತು. 12 ದಾಟಿದವರ ಸಮ್ಮತಿ ಚಿಕಿತ್ಸೆಗೆ ಸಾಕೇ ಎಂಬುದನ್ನು ಬಿಡಿಸಿ ಹೇಳಲಿಲ್ಲ. 1875ರ ಪ್ರಾಪ್ತ ವಯಸ್ಸಿನ ಕಾಯ್ದೆ 18ನ್ನು ಗಡಿ ಮಾಡಿತು. ಅಪ್ರಾಪ್ತರ ಕರಾರು ಮೂಲತಃ ಶೂನ್ಯವೆಂದು 1903ರಲ್ಲಿ ಪ್ರಿವಿ ಕೌನ್ಸಿಲ್ ಮೋಹೋರಿ ಬೀಬಿ ಪ್ರಕರಣದಲ್ಲಿ ತೀರ್ಪಿತ್ತಿತು. ಅದು ಮನೆ ಅಡವಿಟ್ಟ ಸಾಲದ ವ್ಯಾಜ್ಯ. ಹೀಗೆ ಆಸ್ತಿ, ಸಾಲಗಳ ವ್ಯವಹಾರದಲ್ಲಿ ನೆಲೆನಿಂತ ವಯಸ್ಸೇ ಆಸ್ಪತ್ರೆಯ ಒಪ್ಪಿಗೆ ಪತ್ರಕ್ಕೂ ಬಂತು. ತಪಾಸಣೆಗೆ 12, ಶಸ್ತ್ರಕ್ರಿಯೆಗೆ 18 ಎಂಬ ಪಾಠವನ್ನು ನಮ್ಮ ವೈದ್ಯ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ.

ಇಂಗ್ಲೆಂಡ್ ಬೇರೆ ದಾರಿ ಹಿಡಿಯಿತು. 1969ರ ಕಾಯ್ದೆ 16 ತುಂಬಿದವರಿಗೆ ಸಮ್ಮತಿಯ ಅಧಿಕಾರ ಕೊಟ್ಟಿತು. 1985ರ ಗಿಲಿಕ್ ಪ್ರಕರಣದಲ್ಲಿ ಹೌಸ್ ಆಫ್ ಲಾರ್ಡ್ಸ್ 3–2ರ ಬಹುಮತದಿಂದ, ಚಿಕಿತ್ಸೆಯನ್ನು ಪೂರ್ತಿ ಅರಿಯುವ ಬುದ್ಧಿ ಬಲಿತಿದ್ದರೆ ಇನ್ನೂ ಚಿಕ್ಕವರೂ ಒಪ್ಪಬಹುದೆಂದಿತು.

ಭಾರತದಲ್ಲಿ 1971ರ ಗರ್ಭಪಾತ ಕಾಯ್ದೆ, 18ರೊಳಗಿನ ಹುಡುಗಿಗೆ ಪೋಷಕರ ಲಿಖಿತ ಒಪ್ಪಿಗೆ ಕಡ್ಡಾಯ ಮಾಡಿತು. ಮಕ್ಕಳ ಮೇಲಿನ ಲೈಂಗಿಕ ಅಪರಾಧಗಳನ್ನು ತಡೆಯುವ 2012ರ ಪೋಕ್ಸೊ ಕಾಯ್ದೆ ಬಂದಮೇಲೆ ವೈದ್ಯರು ಇಂಥ ಹುಡುಗಿಯ ವಿಷಯವನ್ನು ಪೊಲೀಸರಿಗೂ ತಿಳಿಸಬೇಕಾಯಿತು. ಹೆಸರು ಬಯಲಾಗುವ ಭಯಕ್ಕೆ ಹುಡುಗಿಯರು ನಕಲಿ ವೈದ್ಯರ ಬಾಗಿಲು ತಟ್ಟುವ ಅಪಾಯವನ್ನು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್ 29ರ ತೀರ್ಪಿನಲ್ಲಿ ಗುರುತಿಸಿತು; ಹುಡುಗಿ ಮತ್ತು ಪೋಷಕರು ಕೋರಿದರೆ ವೈದ್ಯರು ಅವಳ ಗುರುತನ್ನು ಪೊಲೀಸರಿಗೆ ಹೇಳಬೇಕಿಲ್ಲ ಎಂದಿತು. ಪೋಷಕರಿಗೇ ಹೇಳಲಾಗದ ಹುಡುಗಿಗೆ ಈ ತೀರ್ಪಿನಲ್ಲೂ ದಾರಿಯಿಲ್ಲ.

ನನ್ನನ್ನು ಹೆಚ್ಚು ಕಾಡುವುದು 2017ರ ಎಚ್‌ಐವಿ ಕಾಯ್ದೆಯ 32ನೆಯ ಕಲಂ. ಸೋಂಕಿಗೆ ಸಿಲುಕಿದ ಕುಟುಂಬವನ್ನು ನಿಭಾಯಿಸುತ್ತಿರುವ, ಸಾಕಷ್ಟು ತಿಳಿವಳಿಕೆಯುಳ್ಳ 12ರಿಂದ 18ರ ನಡುವಿನ ಅಕ್ಕನೋ ಅಣ್ಣನೋ, ತಮ್ಮ-ತಂಗಿಯರ ಚಿಕಿತ್ಸೆಗೆ ಪೋಷಕರ ಸ್ಥಾನದಲ್ಲಿ ನಿಲ್ಲಬಹುದು. ತಮ್ಮನ ಚಿಕಿತ್ಸೆಯ ವಿಷಯದಲ್ಲಿ ನಂಬಿದ ಹದಿಮೂರರ ಹುಡುಗಿಯನ್ನು ಅವಳದೇ ದೇಹದ ವಿಷಯದಲ್ಲಿ ಏಕೆ ನಂಬಬಾರದು?

ದಂಡ ಸಂಹಿತೆಯ ಜಾಗದಲ್ಲಿ 2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 27 ಮತ್ತು 28ನೆಯ ಕಲಮುಗಳಲ್ಲೂ ಅದೇ 12 ಉಳಿದಿದೆ. ತಿಳಿವಳಿಕೆಯ ಅಳತೆಗೋಲನ್ನು ಸಂಸತ್ತು ಎಚ್‌ಐವಿ ಕಾಯ್ದೆಯಲ್ಲಿ ಆಗಲೇ ಒಪ್ಪಿದೆ. ಅದನ್ನು ಎಲ್ಲ ಎಳೆಯ ರೋಗಿಗಳಿಗೂ ವಿಸ್ತರಿಸಬೇಕು.