ಲೆಕ್ಕಕ್ಕೆ ಬಾರದ ಅಂಕಿಗಳು

1908ರ ಜುಲೈ 10ರ ಸಂಜೆ ಹಾಲೆಂಡಿನ ಲೈಡನ್ ಪ್ರಯೋಗಶಾಲೆಯಲ್ಲಿ ಹೀಲಿಯಂ ಮೊದಲ ಬಾರಿಗೆ ದ್ರವವಾಯಿತು. ಆದರೆ ಅದು ಕೂಡಲೇ ಯಾರ ಕಣ್ಣಿಗೂ ಬೀಳಲಿಲ್ಲ. ಉಷ್ಣಮಾಪಕ ಒಂದೇ ಕಡೆ ನಿಂತಿತ್ತು. ಗಾಜಿನ ಪಾತ್ರೆ ಮಾತ್ರ ಖಾಲಿಯಂತಿತ್ತು. ನೋಡಲು ಬಂದಿದ್ದ ಸಹೋದ್ಯೋಗಿಯೊಬ್ಬರು ಉಷ್ಣಮಾಪಕ ದ್ರವದಲ್ಲಿ ಅದ್ದಿದಂತಿದೆಯಲ್ಲ ಎಂದ ಮೇಲೆ ಕೆಳಗಿನಿಂದ ಬೆಳಕು ಬಿಟ್ಟರು. ಆಗ ದ್ರವದ ಅಂಚು ಕಂಡಿತು.

ಕಾಣಿಸದ ಇಂಥ ವಸ್ತುವನ್ನು ಅಳೆಯದೆ ತಿಳಿಯುವುದು ಹೇಗೆ? ಕ್ಯಾಮರ್ಲಿಂಗ್ ಓನ್ನಸ್ ಅಳೆಯುತ್ತಲೇ ಹೋದರು. ಕುದಿಬಿಂದು ಸುಮಾರು 4.2 ಕೆಲ್ವಿನ್, ಸಾಂದ್ರತೆ ನೀರಿನ ಎಂಟನೇ ಒಂದು ಭಾಗ. ಆವಿಯನ್ನು ಪಂಪಿನಿಂದ ಎಳೆದು ಇನ್ನಷ್ಟು ತಣಿಸಿದಾಗ ಸುಮಾರು 2.2 ಕೆಲ್ವಿನ್‌ವರೆಗೆ ಸಾಂದ್ರತೆ ಏರಿತು, ಆಮೇಲೆ ಇಳಿಯಿತು. ನೀರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಮಾಡುವಂಥದೇ ಚೇಷ್ಟೆ ಎನ್ನಬಹುದಿತ್ತು.

1920ರ ದಶಕದಲ್ಲಿ ಅಮೆರಿಕದ ಲಿಯೋ ಡಾನಾ ಲೈಡನ್‌ಗೆ ಬಂದು ಓನ್ನಸ್ ಜೊತೆ ವಿಶಿಷ್ಟೋಷ್ಣ ಅಳೆದರು. ಕ್ರಮ ಸರಳ: ದ್ರವಕ್ಕೆ ಗೊತ್ತಾದಷ್ಟು ಶಾಖ ಕೊಡುವುದು, ಉಷ್ಣತೆ ಎಷ್ಟು ಏರಿತೆಂದು ನೋಡುವುದು. ಅದೇ 2.2ರ ಆಸುಪಾಸಿನಲ್ಲಿ ಬಂದ ಅಂಕಿಗಳು ನಂಬಲಾರದಷ್ಟು ದೊಡ್ಡವು. ಉಪಕರಣದ್ದೇ ದೋಷವಿರಬೇಕೆಂದು ಅವನ್ನು ಪ್ರಬಂಧದಿಂದ ಕೈಬಿಟ್ಟರು. ಎಕ್ಸೆಲ್ ಹಾಳೆಯಲ್ಲಿ 'ಔಟ್‌ಲೈಯರ್' ಎಂದು ಸಾಲೊಂದನ್ನು ಅಳಿಸಿದ ನಮ್ಮಂಥವರು ಅವರನ್ನು ದೂರುವುದು ಕಷ್ಟ. ಓನ್ನಸ್ 1926ರಲ್ಲಿ ತೀರಿಕೊಂಡರು.

1932ರಲ್ಲಿ, ಅದೇ ಲೈಡನ್‌ನಲ್ಲಿ, ಕೀಸೋಮ್ ಮತ್ತು ಕ್ಲೂಸಿಯಸ್ ಮತ್ತೆ ಅಳೆದಾಗ ಆ ಅಂಕಿಗಳು ಮತ್ತೆ ಬಂದವು. ನಕ್ಷೆಯಲ್ಲಿ ಗೆರೆ ಗ್ರೀಕ್ ಲ್ಯಾಂಬ್ಡಾ ಅಕ್ಷರದಂತೆ ಮೇಲಕ್ಕೆ ಚಿಮ್ಮಿ ಥಟ್ಟನೆ ಬಿದ್ದಿತ್ತು. ಎರೆನ್‌ಫೆಸ್ಟ್ ಸೂಚಿಸಿದ 'ಲ್ಯಾಂಬ್ಡಾ ಬಿಂದು' ಎಂಬ ಹೆಸರೇ ಉಳಿಯಿತು. ಅದರ ಕೆಳಗೆ ಇದ್ದದ್ದು ಬೇರೆಯೇ ಒಂದು ದ್ರವ.

1938ರ ಜನವರಿಯಲ್ಲಿ 'ನೇಚರ್' ಪತ್ರಿಕೆಯ ಒಂದೇ ಸಂಚಿಕೆಯಲ್ಲಿ ಮಾಸ್ಕೋದ ಕಪಿತ್ಸಾ ಅವರ ಟಿಪ್ಪಣಿಯೂ ಕೇಂಬ್ರಿಜ್‌ನ ಅಲೆನ್, ಮೈಸ್ನರ್ ಅವರದೂ ಬಂದವು. ಕಪಿತ್ಸಾ ನುಣುಪಾಗಿ ಉಜ್ಜಿದ ಎರಡು ಗಾಜಿನ ಬಿಲ್ಲೆಗಳ ನಡುವಿನ, ಸುಮಾರು ಅರ್ಧ ಮೈಕ್ರಾನ್ ಸಂದಿಯಲ್ಲಿ ಹೀಲಿಯಂ ಹರಿಸಿದ್ದರು. ಬಿಂದುವಿನ ಮೇಲೆ ಅದು ಸಂದಿಯಲ್ಲಿ ಹರಿದೀತೋ ಇಲ್ಲವೋ ಎಂಬಂತಿತ್ತು, ಕೆಳಗೆ ಸಲೀಸಾಗಿ ನುಸುಳಿತು. ಸ್ನಿಗ್ಧತೆ ಕನಿಷ್ಠ 1,500 ಪಟ್ಟು ಕಡಿಮೆಯೆಂದು ಲೆಕ್ಕ ಹಾಕಿ 'ಅತಿದ್ರವ' ಎಂಬ ಅರ್ಥದ ಹೆಸರಿಟ್ಟರು. ನೊಬೆಲ್ ಬಂದದ್ದು 1978ರಲ್ಲಿ, ಕಪಿತ್ಸಾಗೆ ಮಾತ್ರ. ಅಲೆನ್‌ಗೂ ಮೈಸ್ನರ್‌ಗೂ ಇಲ್ಲ.

ಇಷ್ಟಕ್ಕೂ ಈ ಬದಲಾವಣೆಗೆ ಬರಿಗಣ್ಣಿನ ಸಾಕ್ಷಿಯೂ ಇದೆ. ಪಂಪು ನಡೆಯುತ್ತಿರುವಾಗ ಕೊತಕೊತ ಕುದಿಯುವ ಹೀಲಿಯಂ, ಲ್ಯಾಂಬ್ಡಾ ಬಿಂದು ದಾಟಿದ ಕ್ಷಣ ಗುಳ್ಳೆಯಿಲ್ಲದೆ ಕನ್ನಡಿಯಂತಾಗುತ್ತದೆ. ಟೊರಾಂಟೊದ ಮೆಕ್ಲೆನ್ನನ್ ತಂಡ ಅದನ್ನು ಬರೆದಿಟ್ಟದ್ದು 1932ರಲ್ಲಿ. ಲೈಡನ್‌ನವರು ಅಷ್ಟು ಹೊತ್ತಿಗೆ ಇಪ್ಪತ್ತು ವರ್ಷಗಳಿಂದ ಆ ಬಿಂದುವನ್ನು ದಾಟುತ್ತಲೇ ಇದ್ದರು.